ಗಢವಾಲದ ಮಂದಿಗಾಗಿ ಏನಂತ ಬೇಡಿಕೊಳ್ಳಬೇಕು?

ಹೋದ ವಾರ ಸಂಜೆ ನಮ್ಮ ಓಣಿಯ ರೊಟ್ಟಿ ಅಕ್ಕ ಮೊಬೈಲ್ ಹಿಡಿದುಕೊಂಡು ನಮ್ಮ ಮನೆ ಕಟ್ಟೆಗೆ ಬಂದರು. ಜೋಳದ ಖಡಕ್ ರೊಟ್ಟಿ ಬಡಿದು ಗದಗಿನ ಖಾನಾವಳಿಗಳಿಗೆ ಕೊಡುವುದು ಅವರ ಕಸುಬು. ಅದಕ್ಕೇ ಆ ಹೆಸರು. ಭಾನುವಾರ ಅವರ ಮನೆಯಲ್ಲಿ ಏಳೆಂಟು ಮಂದಿ ಕೂಡಿ ಯೇಸುವಿನ ಪ್ರಾರ್ಥನೆ ಮಾಡುತ್ತಾರೆ.

ಅವರ ಪ್ರಾರ್ಥನೆಯ ವಾಟ್ಸ್ಆ್ಯಪ್ ಗುಂಪಿಗೆ ದಿನಕ್ಕೊಂದು ಚಿತ್ರ ಬರುತ್ತದೆಯಂತೆ. ದೇಶದ ಯಾವುದೋ ಒಂದು ಜನಾಂಗದ ಹೆಸರು, ಒಂದು ಫೋಟೊ, ಜನಸಂಖ್ಯೆ, ಧರ್ಮ. ಕೆಳಗೆ 'ಇವರಿಗಾಗಿ ಪ್ರಾರ್ಥಿಸಿರಿ' ಎಂಬ ಸಾಲು. ಆ ದಿನ ಬಂದದ್ದು ಗಢವಾಲಿ ಜನಾಂಗ. ಬೆನ್ನ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸಿನ ಫೋಟೊ. ಪಕ್ಕದಲ್ಲಿ 'ಸುವಾರ್ತೆ ಇನ್ನೂ ತಲುಪದವರು' ಎಂದಿತ್ತು.

"ತಮ್ಮಾ, ನೀ ಹೋದ ವರ್ಷ ಕೇದಾರಕ್ಕ ಹೋಗಿ ಬಂದಿಯಲ್ಲ. ಇವರು ಅಲ್ಲಿಯವರಂತ. ಎಂಥಾ ಮಂದಿ ಇವರು? ಇವರ ಸಲುವಾಗಿ ಏನಂತ ಬೇಡ್ಕೋಬೇಕು?"

ನಮಗೆ ತಕ್ಷಣ ಉತ್ತರ ಬರಲಿಲ್ಲ. ಅದಕ್ಕೆ ಎರಡು ಕಾರಣ. ಒಂದು, ಆ ನಾಡಿಗೆ ಹೋಗಿ ಬಂದರೂ ನಾವು ಹೆಚ್ಚಾಗಿ ನೋಡಿದ್ದು ದಾರಿಯನ್ನು, ಮಂದಿಯನ್ನಲ್ಲ. ಎರಡನೆಯದು, ಆ ಅಕ್ಕನಿಗೆ ನಾವು ಕೊಡಬೇಕಾದ ಒಂದು ಬಾಕಿ ಇತ್ತು. ಅದನ್ನು ಕೊನೆಗೆ ಹೇಳುತ್ತೇವೆ. ಮೊದಲು ಅಕ್ಕ ಕೇಳಿದ್ದಕ್ಕೆ ಉತ್ತರ.

ಗಢವಾಲ ಅಂದರೆ ಉತ್ತರಾಖಂಡ ರಾಜ್ಯದ ಪಶ್ಚಿಮದ ಅರ್ಧ. ಕೇದಾರ, ಬದರಿ, ಗಂಗೋತ್ರಿ, ಯಮುನೋತ್ರಿ ನಾಲ್ಕೂ ಇರುವುದು ಅಲ್ಲೇ. 2011ರ ಜನಗಣತಿಯಲ್ಲಿ ಗಢವಾಲಿ ನಮ್ಮ ಮಾತು ಎಂದು ಬರೆಸಿದವರು ಸುಮಾರು 25 ಲಕ್ಷ. ನಮ್ಮ ಶಿರಸಿ ಕಡೆ ನಡೆದ ಅಪ್ಪಿಕೋ ಚಳವಳಿಗೆ ದಾರಿ ತೋರಿಸಿದ ಚಿಪ್ಕೋ ಬೆಳೆದದ್ದು ಆ ಗುಡ್ಡಗಳಲ್ಲೇ. 1974ರ ಮಾರ್ಚ್ 26ರಂದು ರೇಣಿ ಎಂಬ ಹಳ್ಳಿಯಲ್ಲಿ ಗೌರಾದೇವಿ ಮತ್ತು ಊರಿನ ಹೆಂಗಸರು ಗುತ್ತಿಗೆದಾರನ ಕೊಡಲಿಗೆ ಅಡ್ಡ ನಿಂತು ಮರ ಉಳಿಸಿದರು. ಅಕ್ಕನ ಮೊಬೈಲಿನಲ್ಲಿದ್ದ ಹುಲ್ಲಿನ ಹೊರೆಯ ಹೆಂಗಸು ಅಂಥವರ ಮನೆಯವಳು.

ನಾವು ಹೋದದ್ದು ಮೇ ತಿಂಗಳಲ್ಲಿ. ಊರಿನ ಹದಿನಾಲ್ಕು ಮಂದಿ, ಹೆಚ್ಚಿನವರು ಅರವತ್ತು ದಾಟಿದವರು. ನಾವು ಸುದ್ದಿಗಿಷ್ಟು ಎಂದು ದುಡ್ಡು ಎಣಿಸಿಕೊಳ್ಳುವ ಸ್ಟ್ರಿಂಗರ್. ಹಿಂದಿ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಹಿರಿಯರು ನಮ್ಮ ಖರ್ಚು ಹಾಕಿಕೊಂಡು ಕರೆದುಕೊಂಡು ಹೋದರು. ಹೊರಡುವ ಹಿಂದಿನ ದಿನ ನೂರು ಖಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ ಕಟ್ಟಿಸಿಕೊಂಡೆವು. ಕಟ್ಟಿಕೊಟ್ಟವರು ಇದೇ ಅಕ್ಕ. ಕೇದಾರನಾಥನ ಯಾತ್ರೆಯಲ್ಲಿ ನಮ್ಮ ಹೊಟ್ಟೆ ತುಂಬಿಸಿದ್ದು ಯೇಸುವಿನ ಪ್ರಾರ್ಥನೆ ಮಾಡುವ ಕೈ.

ಹರಿದ್ವಾರದಿಂದ ಟೆಂಪೊ ಟ್ರಾವೆಲರ್. ದೇವಪ್ರಯಾಗ, ಶ್ರೀನಗರ, ರುದ್ರಪ್ರಯಾಗ, ಗುಪ್ತಕಾಶಿ. ಇದು ಕಾಶ್ಮೀರದ ಶ್ರೀನಗರ ಅಲ್ಲ, ಅಲಕನಂದಾ ದಂಡೆಯ ಶ್ರೀನಗರ, ಗಢವಾಲ ರಾಜರ ಹಳೆಯ ರಾಜಧಾನಿ. ಊಖೀಮಠದಲ್ಲಿ ನಮ್ಮ ಹಿರಿಯರಿಗೆ ಆದ ಖುಷಿ ಹೇಳತೀರದು. ಅದು ವೀರಶೈವರ ಪಂಚಪೀಠಗಳಲ್ಲಿ ಒಂದಾದ ಕೇದಾರಪೀಠದ ಗಾದಿ. ಚಳಿಗಾಲದಲ್ಲಿ ಕೇದಾರನ ಉತ್ಸವಮೂರ್ತಿ ಇಳಿದು ಬಂದು ಕೂರುವ ಜಾಗವೂ ಅದೇ. ಕೇದಾರದ ರಾವಲರಾಗಿ ನಮ್ಮ ಕಡೆಯಿಂದ ಜಂಗಮರು ಹೋಗುವ ಪರಂಪರೆ ಹಳೆಯದು. ಅತ್ತ ಬದರಿಯ ರಾವಲರು ಕೇರಳದ ನಂಬೂದಿರಿಗಳು. ಹಿಮಾಲಯದ ಮಂದಿ ದಕ್ಷಿಣದವರನ್ನು ಕರೆದು, ಗಾದಿ ಕೊಟ್ಟು, ತಮ್ಮವರೆಂದು ಇಟ್ಟುಕೊಂಡಿದ್ದಾರೆ. ಹೋದವರೂ ಅಲ್ಲಿಯ ಚಳಿ ಉಂಡು, ಅಲ್ಲಿಯ ಮಾತು ಕಲಿತು ಉಳಿದಿದ್ದಾರೆ.

ಆದರೆ ನಮ್ಮಂಥ ಯಾತ್ರಿಕರು ಉಳಿಯುವವರಲ್ಲ. ಕಿಟಕಿಯಲ್ಲಿ ಹೊಳೆ ನೋಡಿದೆವು, ಗುಡಿ ನೋಡಿದೆವು, ಫೋಟೊ ಹಿಡಿದೆವು. ಗೌರೀಕುಂಡದಿಂದ ಮೇಲೆ ಹದಿನಾರು ಕಿಲೋಮೀಟರಿಗೂ ಹೆಚ್ಚು ಏರು ದಾರಿ. ನಮ್ಮ ಹಿರಿಯರನ್ನು ಕುದುರೆ ಮೇಲೆ ಕೂರಿಸಿ ಕರೆದೊಯ್ದ ಹುಡುಗನ ಹೆಸರನ್ನೂ ನಾವು ಕೇಳಲಿಲ್ಲ. 2013ರ ಜೂನ್ 16, 17ರ ಪ್ರಳಯದಲ್ಲಿ ನಮ್ಮ ರಾಜ್ಯದ ಯಾತ್ರಿಕರು ಸಿಕ್ಕಿಬಿದ್ದ ಸುದ್ದಿಯನ್ನು ಪತ್ರಿಕೆಗಳು ದಿನವೂ ಬರೆದವು. ಗುಪ್ತಕಾಶಿ ಸುತ್ತಿನ ಹಳ್ಳಿಗಳಿಂದ ಯಾತ್ರೆಯ ಸೀಸನ್ನಿಗೆ ದುಡಿಯಲು ಮೇಲೆ ಹೋದ ಗಂಡಸರು, ಶಾಲೆಯ ರಜೆಯಲ್ಲಿ ಹೋದ ಹುಡುಗರು ವಾಪಸು ಬರಲಿಲ್ಲ ಎಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಓದಿದೆವು?

ಊರಿಗೆ ಬಂದ ಮೇಲೆ ಓದಿ ತಿಳಿದ ಒಂದು ಸಂಗತಿ ಇಲ್ಲಿ ಹೇಳಬೇಕು. ಗಢವಾಲಕ್ಕೆ ಕಾಲಿಟ್ಟ ಮೊದಲ ಕ್ರೈಸ್ತ ಪಾದ್ರಿ ಬಹುಶಃ ಪೋರ್ಚುಗೀಸಿನ ಆಂಟೊನಿಯೊ ಡಿ ಆಂದ್ರಾದೆ. 1624ರಲ್ಲಿ ಆಗ್ರಾದಿಂದ ಹೊರಟು, ಬದರಿಯ ಯಾತ್ರಿಕರ ಜೊತೆ ಸೇರಿಕೊಂಡು, ಶ್ರೀನಗರ ಹಾದು, ಬದರಿ ದಾಟಿ, ಮಾಣಾ ಕಣಿವೆಯ ಹಿಮ ತುಳಿದು ಟಿಬೆಟ್ಟಿಗೆ ಹೋದರು. ಅವರ ಚಿತ್ತ ಇದ್ದದ್ದು ಟಿಬೆಟ್ಟಿನ ಮೇಲೆ. ಗಢವಾಲ ಅವರಿಗೆ ದಾರಿ ಮಾತ್ರ. ನಾನೂರು ವರ್ಷದ ನಂತರ ನಾವು ಹೋದಾಗ ನಮಗೂ ಅದು ದಾರಿಯೇ ಆಗಿತ್ತು.

ದಾರಿ ಕೆಟ್ಟದ್ದರಿಂದಲೇ ನಮಗೆ ಮಂದಿ ಸಿಕ್ಕರು. ವಾಪಸು ಬರುವಾಗ ದೇವಪ್ರಯಾಗದ ಕೆಳಗೆ ಗುಡ್ಡ ಜರಿದು ರಸ್ತೆ ಬಂದ್ ಆಗಿತ್ತು. ಚಾಲಕ ಶ್ರೀನಗರದಲ್ಲಿ ಗಾಡಿ ತಿರುಗಿಸಿ, ಪೌರಿ ಮೇಲೆ ಹಾದು ಕೋಟದ್ವಾರಕ್ಕೆ ಇಳಿಯೋಣ ಎಂದ. ಪೌರಿ ತಲುಪುವಷ್ಟರಲ್ಲಿ ಕತ್ತಲಾಯಿತು. ಅಲ್ಲೇ ಉಳಿದೆವು. ಬೆಳಗಾದರೆ ಭಾನುವಾರ.

ಹಿರಿಯರು ಇನ್ನೂ ಕಂಬಳಿ ಒಳಗಿದ್ದರು. ನಾವು ಚಹಾಕ್ಕೆಂದು ಹೊರಬಿದ್ದೆವು. ಎದುರಿಗೆ ಹಿಮದ ಶಿಖರಗಳ ಸಾಲು. ಚಹಾ ಅಂಗಡಿಯ ಬೆಂಚಿನ ಮೇಲೆ ಸ್ವೆಟರ್ ಹಾಕಿದ, ಎಪ್ಪತ್ತು ದಾಟಿದ ಒಬ್ಬರು ಕೂತಿದ್ದರು. ಎಲ್ಲಿಯವರು ಎಂದು ಹಿಂದಿಯಲ್ಲಿ ಕೇಳಿದರು. ಕರ್ನಾಟಕ ಎಂದೆವು.

"ಓಹೋ, ಕೇದಾರದ ರಾವಲ್‌ಜಿಯವರ ನಾಡು!"

ನಿವೃತ್ತ ಶಾಲಾ ಮಾಸ್ತರರು. ಮಾತಾಡುತ್ತ ಮಾತಾಡುತ್ತ ಚೀಲದಿಂದ ಹಳೆಯ ಬೈಬಲ್ ತೆಗೆದರು. "ಪ್ರಾರ್ಥನೆಗೆ ಹೊತ್ತಾಯಿತು. ಬರುವುದಿದ್ದರೆ ಬನ್ನಿ" ಎಂದರು. ಕುತೂಹಲಕ್ಕೆ ಹೋದೆವು.

ಚಿಕ್ಕ ಗುಡಿಯಂಥ ಚರ್ಚು. ಇಪ್ಪತ್ತು ಮಂದಿ ಇದ್ದರೆ ಹೆಚ್ಚು. ಹಾರ್ಮೋನಿಯಂ, ಢೋಲಕ್, ಹಿಂದಿ ಭಜನೆ. ಅಷ್ಟು ಚಳಿಯಲ್ಲೂ ಬಾಗಿಲು ಪೂರ್ತಿ ತೆರೆದಿಟ್ಟಿದ್ದರು. ಮುಗಿದ ಮೇಲೆ ಕಾರಣ ಕೇಳಿದೆವು.

"ಹಾದು ಹೋಗುವವರು ಯಾರು ಬೇಕಾದರೂ ಇಣುಕಲಿ ಅಂತ. ಒಳಗೆ ಏನೋ ನಡೆಯುತ್ತದೆ ಎಂಬ ಮಾತು ಹುಟ್ಟಬಾರದು."

ಉತ್ತರಾಖಂಡದಲ್ಲಿ 2018ರಿಂದ ಮತಾಂತರ ತಡೆ ಕಾಯ್ದೆ ಇದೆ. 2022ರಲ್ಲಿ ಅದನ್ನು ಬಿಗಿ ಮಾಡಿದರು. ಆ ತಿದ್ದುಪಡಿಯಲ್ಲಿ ಸಾಮೂಹಿಕ ಮತಾಂತರಕ್ಕೆ 10 ವರ್ಷದ ತನಕ ಜೈಲು ಎಂದಾಯಿತು. ಒತ್ತಾಯ, ಆಮಿಷ, ಮೋಸ ತಪ್ಪು ಎನ್ನುವುದರಲ್ಲಿ ಮಾಸ್ತರರಿಗೆ ತಕರಾರಿಲ್ಲ. "ಆದರೆ ದೂರು ಬರೆಯುವವನಿಗೆ ಪ್ರಾರ್ಥನೆಗೂ ಮತಾಂತರಕ್ಕೂ ವ್ಯತ್ಯಾಸ ಗೊತ್ತಿರಬೇಕಲ್ಲ" ಎಂದರು. 2021ರ ಅಕ್ಟೋಬರ್ 3ರ ಭಾನುವಾರ, ಅದೇ ರಾಜ್ಯದ ರೂರ್ಕಿಯಲ್ಲಿ ಪ್ರಾರ್ಥನೆಗೆ ಕೂಡಿದ್ದ ಮಂದಿಯ ಮೇಲೆ ಗುಂಪು ನುಗ್ಗಿ ಹೊಡೆದಿತ್ತು. ಪೌರಿಯಲ್ಲಿ ಅಂಥದ್ದು ಆಗಿಲ್ಲ, ಪಕ್ಕದ ಮನೆಯವರು ಒಳ್ಳೆಯವರು, ಹೋಳಿಗೆ ಕರೆಯುತ್ತಾರೆ, ಕ್ರಿಸ್ಮಸ್ಸಿಗೆ ಬರುತ್ತಾರೆ ಎಂದೂ ಹೇಳಿದರು.

ಮಿಷನ್ನಿನ ಕಥೆಯನ್ನು ಅವರು ಚಹಾ ಕುಡಿಯುತ್ತ ಹೇಳಿದರು. ಕೆಲವನ್ನು ಆಮೇಲೆ ನಾವೂ ಓದಿ ನೋಡಿದೆವು.

1815ರಲ್ಲಿ ಗೂರ್ಖಾಗಳನ್ನು ಸೋಲಿಸಿ ಇಂಗ್ಲಿಷರು ಗಢವಾಲದ ಅರ್ಧ ಭಾಗ ತಮ್ಮಲ್ಲಿಟ್ಟುಕೊಂಡರು. ಉಳಿದದ್ದು ಟೆಹ್ರಿ ರಾಜನ ಪಾಲಿಗೆ. ಆ ಗುಡ್ಡಗಳಿಗೆ ಮಿಷನ್ನಿಗಿಂತ ಮೊದಲು ಪುಸ್ತಕ ತಯಾರಾಯಿತು. ಬಂಗಾಳದ ಸೇರಾಂಪುರದಲ್ಲಿ ವಿಲಿಯಂ ಕೇರಿ ಮತ್ತು ಅವರ ಸಂಗಡಿಗರು ದೇಶದ ಹತ್ತಾರು ಭಾಷೆಗಳಿಗೆ ಬೈಬಲ್ ಅನುವಾದಿಸಿ ಅಚ್ಚು ಹಾಕುತ್ತಿದ್ದರಲ್ಲ, 1827ರಲ್ಲಿ ಗಢವಾಲಿ ಹೊಸ ಒಡಂಬಡಿಕೆಯನ್ನೂ ಅಚ್ಚು ಹಾಕಿದರು. ಗುಡ್ಡದಿಂದ ನೂರಾರು ಮೈಲು ದೂರದ ಮುದ್ರಣಾಲಯದಲ್ಲಿ. ಅದಾಗಿ ಸುಮಾರು ನಲವತ್ತು ವರ್ಷಕ್ಕೆ, 1860ರ ದಶಕದಲ್ಲಿ, ಅಮೆರಿಕದ ಮೆಥಡಿಸ್ಟ್ ಮಿಷನ್ ಪೌರಿಗೆ ಬಂತು. ಕುಮಾಊಂ ಕಮಿಷನರ್ ಹೆನ್ರಿ ರಾಮ್ಸೇ ಅವರ ಬೆಂಬಲ ಇತ್ತು. ಅಂದರೆ ಪಾದ್ರಿಯ ಬೆನ್ನಿಗೆ ದೊರೆ ಇದ್ದ ಕಾಲ. ಈ ಮಾತನ್ನು ಮಾಸ್ತರರೇ ಮುಚ್ಚಿಡದೆ ಹೇಳಿದರು.

ಬಂದವರು ಶಾಲೆ ತೆರೆದರು. ಇವತ್ತಿಗೂ ಪೌರಿಯಲ್ಲಿ ಮೆಸ್ಮೋರ್ ಇಂಟರ್ ಕಾಲೇಜು ನಡೆಯುತ್ತಿದೆ. ಹೆಸರು ಒಬ್ಬ ಮಿಷನರಿಯದು. ಅಲ್ಲಿ ಓದಿದವರಲ್ಲಿ ಹೆಚ್ಚಿನವರು ಹಿಂದೂಗಳು, ಹಿಂದೂಗಳಾಗಿಯೇ ಇದ್ದಾರೆ. ಇದು ನಮಗೆ ಹೊಸದೇನಲ್ಲ. ನಮ್ಮ ಧಾರವಾಡ, ಹುಬ್ಬಳ್ಳಿ, ಬೆಟಗೇರಿಯ ಬಾಸೆಲ್ ಮಿಷನ್ ಶಾಲೆಗಳಲ್ಲೂ ಹಾಗೇ ಅಲ್ಲವೇ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು 1843ರ ಜುಲೈ 1ರಂದು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಬಾಸೆಲ್ ಮಿಷನ್ನಿನ ಪಾದ್ರಿ. ಪ್ರತಿ ಜುಲೈ 1ಕ್ಕೆ ಪತ್ರಿಕಾ ದಿನ ಎಂದು ಶಾಲು ಹೊದಿಸಿಕೊಳ್ಳುವ ನಾವು ಇದನ್ನು ಮರೆಯಬಾರದು.

"ನಿಮ್ಮ ಮನೆತನ ಹೇಗೆ ಚರ್ಚಿಗೆ ಬಂತು?" ಎಂದು ಕೇಳಿದೆವು. ಕೇಳಬಾರದಿತ್ತೋ ಏನೋ. ಮಾಸ್ತರರು ಬೇಜಾರು ಮಾಡಿಕೊಳ್ಳಲಿಲ್ಲ.

"ನಮ್ಮ ಮುತ್ತಜ್ಜ ಢೋಲ್ ಬಾರಿಸುವವರು. ನಮ್ಮ ಗುಡ್ಡದಲ್ಲಿ ಢೋಲ್ ಬಾರಿಸದೆ ಯಾವ ದೇವರೂ ಮೈಮೇಲೆ ಬರುವುದಿಲ್ಲ. ಆದರೆ ದೇವರನ್ನು ಕರೆದ ಕೈ ಗುಡಿಯ ಹೊಸ್ತಿಲು ಮುಟ್ಟುವ ಹಾಗಿರಲಿಲ್ಲ. ಮಿಷನ್ ಶಾಲೆಯಲ್ಲಿ ಮುತ್ತಜ್ಜನ ಮಗನನ್ನು ಬೆಂಚಿನ ಮೇಲೆ ಕೂರಿಸಿದರು. ಅಷ್ಟೇ ಕಥೆ."

ನಮಗೆ ನಮ್ಮೂರ ಹಲಗೆ ನೆನಪಾಯಿತು. ಜಾತ್ರೆಯಲ್ಲಿ ಹಲಗೆ ಬಾರಿಸುವವರು ಎಲ್ಲಿ ನಿಲ್ಲುತ್ತಾರೆ ಎಂಬುದು ನಿಮಗೂ ಗೊತ್ತು.

ಮಾಸ್ತರರು ಅಲ್ಲಿಗೇ ನಿಲ್ಲಿಸಲಿಲ್ಲ. "ಚರ್ಚೊಂದೇ ನಮ್ಮನ್ನು ಎತ್ತಿತು ಎಂದು ಬರೆಯಬೇಡಿ. ಉಳಿದ ನೆಂಟರು ಆರ್ಯ ಸಮಾಜಕ್ಕೆ ಹೋದರು. ಅವರೂ ತಲೆ ಎತ್ತಿ ನಿಂತರು" ಎಂದರು. ಅದು ಇತಿಹಾಸದಲ್ಲೂ ಇದೆ. ಗಢವಾಲದಲ್ಲಿ ಶಿಲ್ಪಕಾರರು, ಅಂದರೆ ಅಲ್ಲಿಯ ದಲಿತರು, ಮದುವೆಯಲ್ಲಿ ವರನನ್ನು ಪಲ್ಲಕ್ಕಿಯಲ್ಲಿ ಕೂರಿಸುವ ಹಾಗಿರಲಿಲ್ಲ. ಈ ಕಟ್ಟಳೆ ಮುರಿಯಲು ಜಯಾನಂದ ಭಾರತಿ ಎಂಬ ಆರ್ಯ ಸಮಾಜಿ ಡೋಲಾ ಪಾಲ್ಕಿ ಚಳವಳಿ ನಡೆಸಿದರು. ಸ್ವತಃ ಶಿಲ್ಪಕಾರರು. 1932ರ ಸೆಪ್ಟೆಂಬರ್ 6ರಂದು ಇದೇ ಪೌರಿಯಲ್ಲಿ ಗವರ್ನರ್ ಮಾಲ್ಕಮ್ ಹೇಲಿ ಎದುರು ತ್ರಿವರ್ಣ ಬಾವುಟ ಬೀಸಿ ಜೈಲಿಗೆ ಹೋದವರು. ಒಬ್ಬ ಪಾದ್ರಿ ಬೆಂಚು ಕೊಟ್ಟ, ಒಬ್ಬ ಆರ್ಯ ಸಮಾಜಿ ಪಲ್ಲಕ್ಕಿ ಕೊಡಿಸಿದ. ಎರಡೂ ಬೇಕಾಗಿ ಬಂದದ್ದು ಯಾಕೆ ಎಂಬುದನ್ನು ಮತಾಂತರದ ಬಗ್ಗೆ ಗಂಟಲು ಹರಿದುಕೊಳ್ಳುವವರು ಕೇಳುವುದು ಕಡಿಮೆ.

"ಈಗ ನಿಮ್ಮ ಮಂದಿ ಕಡಿಮೆಯಾಗಿದ್ದಾರಲ್ಲ?" ಎಂದೆವು. ಉತ್ತರಾಖಂಡದಲ್ಲಿ 2011ರಲ್ಲಿ ಕ್ರೈಸ್ತರು ಸಾವಿರಕ್ಕೆ ನಾಲ್ಕಕ್ಕಿಂತ ಕಡಿಮೆ.

ಮಾಸ್ತರರು ನಕ್ಕರು. "ಕಡಿಮೆಯಾದದ್ದು ಬೇರೆ ಧರ್ಮಕ್ಕೆ ಹೋಗಿ ಅಲ್ಲ. ಡೆಹ್ರಾಡೂನಿಗೆ ಹೋಗಿ."

ಚರ್ಚಿನ ಅಂಗಳದ ಅಂಚಿಗೆ ಕರೆದೊಯ್ದು ಕೆಳಗಿನ ಇಳಿಜಾರು ತೋರಿಸಿದರು. ಮೆಟ್ಟಿಲು ಮೆಟ್ಟಿಲಾದ ಹೊಲ, ಕಲ್ಲು ಹಾಸಿನ ಮಾಡು, ಮೂವತ್ತು ನಲವತ್ತು ಮನೆ. "ಹೊಗೆ ಏಳುವ ಮನೆ ಎಣಿಸಿ" ಎಂದರು. ಎಣಿಸಿದೆವು. ಐದು. ಉಳಿದವಕ್ಕೆ ಬೀಗ. ಕೆಲವಕ್ಕೆ ಬೀಗವೂ ಬೇಡವಾಗಿತ್ತು, ಮಾಡೇ ಕುಸಿದಿತ್ತು.

ಅಲ್ಲಿ ಇದಕ್ಕೆ 'ಪಲಾಯನ್' ಎನ್ನುತ್ತಾರೆ. ನಮ್ಮಲ್ಲಿ ಗುಳೆ. ನಮ್ಮ ಗುಳೆ ಮಳೆ ಬಂದರೆ ತಿರುಗಿ ಬರುತ್ತದೆ. ಅವರದು ತಿರುಗಿ ಬರುವುದಿಲ್ಲ. 2001ರಿಂದ 2011ರ ನಡುವೆ ದೇಶವೆಲ್ಲ ಬೆಳೆದರೂ ಪೌರಿ ಜಿಲ್ಲೆಯ ಜನಸಂಖ್ಯೆ ಇಳಿದಿತ್ತು. ಆ ಜನಗಣತಿಯಲ್ಲಿ ಉತ್ತರಾಖಂಡದಲ್ಲಿ ಒಬ್ಬರೂ ಇಲ್ಲದ ಹಳ್ಳಿಗಳು 1,048. ಸರ್ಕಾರ 2017ರಲ್ಲಿ ಪಲಾಯನ ಆಯೋಗ ಮಾಡಿ ಪೌರಿಯಲ್ಲೇ ಕಚೇರಿ ಇಟ್ಟಿತು. 2011ರ ನಂತರ ಇನ್ನೂ 734 ಹಳ್ಳಿ ಖಾಲಿಯಾಗಿವೆ ಎಂದು ಆಯೋಗ 2018ರಲ್ಲಿ ವರದಿ ಕೊಟ್ಟಿತು. ಗಂಡಸರು ಫೌಜಿಗೆ, ದಿಲ್ಲಿಯ ಹೋಟೆಲುಗಳಿಗೆ. ಮಕ್ಕಳು ಓದಿಗೆಂದು ಬಯಲಿಗೆ. ಉಳಿಯುವವರು ಮುದುಕರು ಮತ್ತು ಹುಲ್ಲಿನ ಹೊರೆಯ ಹೆಂಗಸರು. ಊರಲ್ಲಿ ಜ್ವರ ಬಂದರೆ ರಸ್ತೆಗೆ ಹೊತ್ತು ತರಲು ನಾಲ್ಕು ಹೆಗಲು ಸಿಗುವುದಿಲ್ಲ.

ಮಾತೂ ಹಾಗೇ ಹೋಗುತ್ತಿದೆ. ಯುನೆಸ್ಕೊ ಗಢವಾಲಿಯನ್ನು ಅಪಾಯದ ಅಂಚಿನ ಭಾಷೆಗಳ ಪಟ್ಟಿಯಲ್ಲಿ ಇಟ್ಟಿದೆ. ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ಅದಕ್ಕೆ ಜಾಗ ಇಲ್ಲ. ಮಾಸ್ತರರ ಮೊಮ್ಮಕ್ಕಳಿಗೆ ಗಢವಾಲಿ ಅರ್ಥವಾಗುತ್ತದೆ, ಆಡಲು ಬರುವುದಿಲ್ಲ. "ನೀವು ಗಢವಾಲಿಯಲ್ಲಿ ಪ್ರಾರ್ಥನೆ ಮಾಡುವುದಿಲ್ಲವಾ?" ಎಂದು ಕೇಳಿದೆವು. "ಚರ್ಚಿನಲ್ಲಿ ಹಿಂದಿ. ಒಬ್ಬನೇ ಕೂತಾಗ, ಹೊಟ್ಟೆ ಸಂಕಟ ಆದಾಗ, ಗಢವಾಲಿಯೇ ಬರುತ್ತದೆ" ಎಂದರು.

ತವರಿಗೆ ಗಢವಾಲಿಯಲ್ಲಿ 'ಮೈತ್' ಎನ್ನುತ್ತಾರೆ. ಅವರ ನಂದಾದೇವಿ ಆ ಗುಡ್ಡದ ಮಗಳು. ತವರು ಬಿಟ್ಟು ಗಂಡನ ಮನೆ ಕೈಲಾಸಕ್ಕೆ ಹೋಗುವ ಅವಳನ್ನು ಊರೂರಿನವರು ಅಳುತ್ತ ಕಳಿಸಿಕೊಡುತ್ತಾರೆ. ನಮ್ಮ ಗೌರಿ ತವರಿಗೆ ಬಂದು ಹೋಗುವ ಹಾಗೆ. ಇಂಥ ದೇವರನ್ನು ಮನೆಮಗಳಾಗಿ ಸಾಕಿದ ಮಂದಿಯನ್ನು 'ತಲುಪದವರು' ಎಂದು ಒಂದೇ ಮಾತಿನಲ್ಲಿ ಬರೆದರೆ ಆ ಮಾತಿನಲ್ಲಿ ಅವರು ಕಾಣುವುದಿಲ್ಲ. ಹಾಡು, ಕಥೆ ಕೇಳಿದವರಿಗೆ ಕಂಡಿದ್ದರು. ಅಲ್ಮೋಡಾದಲ್ಲಿದ್ದ ಮಿಷನರಿ ಓಕ್ಲಿ ಮತ್ತು ಗಢವಾಲದ ವಕೀಲ, ಕವಿ ತಾರಾದತ್ತ ಗೈರೋಲಾ ಇಬ್ಬರೂ ಕೂಡಿ ಆ ಗುಡ್ಡಗಳ ಜನಪದ ಕಥೆಗಳನ್ನು ಸೇರಿಸಿ 1935ರಲ್ಲಿ ಪುಸ್ತಕ ಮಾಡಿದರು. ಒಬ್ಬ ಕ್ರೈಸ್ತ, ಒಬ್ಬ ಹಿಂದೂ. ಕೇಳುವ ಕಿವಿ ಇದ್ದರೆ ಇದೂ ಆಗುತ್ತದೆ.

ಹೊರಡುವಾಗ ಮಾಸ್ತರರಿಗೆ ನಾಲ್ಕು ಖಡಕ್ ರೊಟ್ಟಿ ಕೊಟ್ಟೆವು. ಮುರಿದು ತಿಂದು, ಚಟ್ನಿಗೆ ಕಣ್ಣಲ್ಲಿ ನೀರು ತಂದುಕೊಂಡು, "ನಮ್ಮದು ಮಂಡುವಾ ರೊಟ್ಟಿ" ಎಂದರು. ಮಂಡುವಾ ಅಂದರೆ ನಮ್ಮ ರಾಗಿ. ರೊಟ್ಟಿ ಯಾರು ಮಾಡಿದ್ದು ಎಂದು ಕೇಳಿದರು. ನಮ್ಮೂರಲ್ಲಿ ನಿಮ್ಮ ಹಾಗೇ ಭಾನುವಾರ ಪ್ರಾರ್ಥನೆ ಮಾಡುವ ಅಕ್ಕ ಎಂದೆವು. "ಅವರ ಬಾಗಿಲೂ ತೆರೆದಿರುತ್ತದಾ?" ಎಂದು ಕೇಳಿದರು.

ನಾವು ಉತ್ತರ ಕೊಡಲಿಲ್ಲ. ಕೊಡಲು ಬಾಯಿ ಬರಲಿಲ್ಲ.

ಇನ್ನು ಆ ಬಾಕಿ. ಮೂರು ವರ್ಷದ ಹಿಂದೆ ಅಕ್ಕ ಬೇರೆ ಓಣಿಯಲ್ಲಿ ಬಾಡಿಗೆಗಿದ್ದರು. ಒಂದು ಭಾನುವಾರ ನಮಗೆ ಒಂದು ಫೋನ್ ಬಂತು, ಹಿಂದೆಯೇ ವಾಟ್ಸ್ಆ್ಯಪಿನಲ್ಲಿ ಒಂದು ಫೋಟೊ. ಹತ್ತು ಮಂದಿ ಚಾಪೆ ಮೇಲೆ ಕೂತದ್ದು, ಅಷ್ಟೇ. 'ಮನೆಯಲ್ಲಿ ಮತಾಂತರ ಆರೋಪ' ಎಂದು ಆರು ಸಾಲು ಬರೆದು ಕಳಿಸಿದೆವು. ಹೋಗಿ ನೋಡಲಿಲ್ಲ. ಅಕ್ಕನನ್ನು ಕೇಳಲಿಲ್ಲ. 'ಆರೋಪ' ಎಂದು ಹಾಕಿದರೆ ನಮ್ಮ ತಲೆ ಮೇಲೆ ಬರುವುದಿಲ್ಲ ಎಂದು ಡಿಪ್ಲೊಮಾದಲ್ಲಿ ಕಲಿತ ಜಾಣತನ. ಮರುದಿನ ಪತ್ರಿಕೆಯಲ್ಲಿ ಬಂತು. ಮನೆಗೆ ಪೊಲೀಸರು ಬಂದು ವಿಚಾರಿಸಿ ಹೋದರು, ಏನೂ ಸಿಗಲಿಲ್ಲ. ಆದರೆ ವಾರದೊಳಗೆ ಮನೆ ಮಾಲೀಕ ಬಾಡಿಗೆ ಬಿಡಿಸಿದ. ಅಕ್ಕ ರೊಟ್ಟಿಯ ಹಂಚು, ಕೊಣಮಿಗೆ ಹೊತ್ತುಕೊಂಡು ನಮ್ಮ ಓಣಿಗೆ ಬಂದದ್ದು ಹಾಗೆ. ಸುದ್ದಿಯಲ್ಲಿ ನಮ್ಮ ಹೆಸರಿರಲಿಲ್ಲ. ನಾವೂ ಹೇಳಿರಲಿಲ್ಲ.

ಹೋದ ವಾರ ಕಟ್ಟೆ ಮೇಲೆ ಕೂತು ಅಕ್ಕನಿಗೆ ಇದಿಷ್ಟೂ ಹೇಳಿದೆವು. ಬೀಗದ ಮನೆಗಳು, ಹುಲ್ಲಿನ ಹೊರೆ, ಢೋಲಿನ ಮುತ್ತಜ್ಜ, ತೆರೆದ ಬಾಗಿಲು. ಅಕ್ಕ ಬಹಳ ಹೊತ್ತು ಫೋಟೊ ನೋಡಿದರು. "ಹಂಗಾದ್ರ ಅವರ ಮಕ್ಕಳು ಮನಿಗೆ ತಿರುಗಿ ಬರಲಿ ಅಂತ ಬೇಡ್ಕೋತೀನಿ. ಈ ತಂಗಿ ಬೆನ್ನ ಮ್ಯಾಲಿನ ಹೊರಿ ಹಗುರ ಆಗಲಿ ಅಂತ" ಎಂದರು.

ಆಗ ಉಳಿದದ್ದನ್ನೂ ಹೇಳಿದೆವು. "ಅಕ್ಕಾ, ಆ ಸುದ್ದಿ ಬರದವರು ನಾವ."

"ಗೊತ್ತದ ತಮ್ಮಾ. ಊರಾಗ ಪೇಪರಿಗೆ ಬರಿಯವರು ಎಷ್ಟ ಮಂದಿ ಅದಾರ?" ಸೆರಗಿನಿಂದ ಮೊಬೈಲ್ ಒರೆಸಿಕೊಂಡರು. "ಬರಿಯೂಕಿಂತ ಮದಲ ಒಂದ ಸಲ ಒಳಗ ಬಂದು ಕುಂತಿದ್ರ, ಚಾ ಕೊಡ್ತಿದ್ದೆ."

ಮರುದಿನ ಪತ್ರಿಕೆಗೆ ಸ್ಪಷ್ಟನೆ ಬರೆದು ಕಳಿಸಿದೆವು. ಮೂರು ವರ್ಷದ ಹಳೆಯ ಸುದ್ದಿಗೆ ಈಗ ಜಾಗ ಇಲ್ಲ ಎಂದರು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ. ಆ ಭಾನುವಾರ ಆ ಮನೆಯಲ್ಲಿ ಮತಾಂತರ ನಡೆಯಿತು ಎನ್ನಲು ನಮ್ಮ ಹತ್ತಿರ ಯಾವ ಪುರಾವೆಯೂ ಇರಲಿಲ್ಲ, ಈಗಲೂ ಇಲ್ಲ. ಅಲ್ಲಿ ಹತ್ತು ಮಂದಿ ಚಾಪೆ ಮೇಲೆ ಕೂತು ಪ್ರಾರ್ಥನೆ ಮಾಡುತ್ತಿದ್ದರು. ನಾವು ಹೋಗಿ ನೋಡದೆ ಬರೆದೆವು. ತಪ್ಪು ನಮ್ಮದು.